ಕಡಲಿಗೆ ಬಾಗಿಲು ತೆರೆಸಿದ ಶ್ರೀನಿವಾಸ ಮಲ್ಯ

ಪ್ರತಿ ವರ್ಷ ರಾಜ್ಯದ ಮುಂಗಡಪತ್ರ ಮಂಡನೆಯಾದಾಗ ಕರಾವಳಿಯ ಬಂದರುಗಳ ಹೆಸರು ಒಂದೆರಡು ವಾಕ್ಯಗಳಲ್ಲಿ ಬಂದು ಹೋಗುತ್ತದೆ. ಒಂದೆಡೆ ಜೆಟ್ಟಿ, ಇನ್ನೊಂದೆಡೆ ಹೂಳೆತ್ತುವಿಕೆ, ಮತ್ತೊಂದೆಡೆ ಅಲೆತಡೆ ಗೋಡೆ. ಇವುಗಳಲ್ಲಿ ಎಷ್ಟು ಕಾಮಗಾರಿಗಳು ಮುಂದಿನ ಮುಂಗಡಪತ್ರದ ವೇಳೆಗೆ ಮುಗಿದಿರುತ್ತವೆ ಎಂದು ಕೇಳುವವರು ಕಡಿಮೆ. ಬಂದರಿಗೆ ಹಣ ಕೊಟ್ಟ ಸರ್ಕಾರ ಬಂದರಿಗೆ ಹೋಗುವ ರಸ್ತೆಗೆ, ರಸ್ತೆಯ ನಡುವಿನ ಸೇತುವೆಗೆ, ಘಟ್ಟ ಹತ್ತಿಸುವ ರೈಲಿಗೆ ಏನು ವ್ಯವಸ್ಥೆ ಮಾಡಿದೆ ಎಂದು ವಿಚಾರಿಸುವವರು ಇನ್ನೂ ಕಡಿಮೆ. ಈ ಪ್ರಶ್ನೆಗಳನ್ನು ಎಪ್ಪತ್ತು ವರ್ಷಗಳ ಹಿಂದೆಯೇ ಒಟ್ಟಾಗಿ ಕೇಳಿದ, ಮತ್ತು ಉತ್ತರ ಸಿಗುವವರೆಗೂ ದೆಹಲಿಯ ಕಚೇರಿಗಳ ಮೆಟ್ಟಿಲು ಇಳಿಯದ ಒಬ್ಬ ಲೋಕಸಭಾ ಸದಸ್ಯರು ನಮ್ಮ ನಾಡಿನಲ್ಲಿದ್ದರು. ಅವರು ಉಳ್ಳಾಲ ಶ್ರೀನಿವಾಸ ಮಲ್ಯರು.

ಕರಾವಳಿಯವರಿಗೆ ಈ ಹೆಸರನ್ನು ಪರಿಚಯಿಸಬೇಕಾಗಿಲ್ಲ. ಘಟ್ಟದ ಮೇಲಿನ ನಮ್ಮಲ್ಲಿ ಅನೇಕರಿಗೆ ಅದು ಒಂದು ರಸ್ತೆಯ ಅಥವಾ ಒಂದು ವಿದ್ಯಾಸಂಸ್ಥೆಯ ವಿಳಾಸದಲ್ಲಿ ಕಂಡ ಹೆಸರು ಮಾತ್ರ. ಸರ್ಕಾರಿ ಸೇವೆಯಲ್ಲಿ ಮೂರು ದಶಕ ಕಳೆದ ನನಗೆ ಮಲ್ಯರ ಬದುಕು ಆಸಕ್ತಿಯ ವಿಷಯವಾದದ್ದು ಅಭಿಮಾನದಿಂದಲ್ಲ. ಯೋಜನೆಗಳು ಏಕೆ ಆಗುತ್ತವೆ, ಏಕೆ ಆಗುವುದಿಲ್ಲ ಎಂಬ ಕುತೂಹಲದಿಂದ. ಮಂತ್ರಿಯೂ ಆಗದ, ದೊಡ್ಡ ಭಾಷಣಕಾರರೆಂದು ಹೆಸರೂ ಮಾಡದ ಒಬ್ಬರು ಒಂದು ವಿಮಾನ ನಿಲ್ದಾಣ, ಒಂದು ಎಂಜಿನಿಯರಿಂಗ್ ಕಾಲೇಜು, ಒಂದು ಸರ್ವಋತು ಬಂದರು, ಒಂದು ಹೆದ್ದಾರಿ, ಇಷ್ಟನ್ನೂ ಒಂದೇ ಜಿಲ್ಲೆಗೆ ತರಲು ಹೇಗೆ ಸಾಧ್ಯವಾಯಿತು? ಅದಕ್ಕೆ ಬೆಲೆ ತೆತ್ತವರು ಯಾರು? ಈ ಎರಡು ಪ್ರಶ್ನೆಗಳನ್ನೂ ಜೊತೆಗಿಟ್ಟು ನೋಡಿದರೆ ಮಾತ್ರ ಆ ಬದುಕಿನ ಅರ್ಥ ಇಂದಿನ ನಮಗೆ ದಕ್ಕುತ್ತದೆ.

ಮಲ್ಯರು 1902ರ ನವೆಂಬರ್ 21ರಂದು ಮಂಗಳೂರಿನಲ್ಲಿ ಜನಿಸಿದರು. ಅನುಕೂಲಸ್ಥ ಗೌಡ ಸಾರಸ್ವತ ಮನೆತನ. ಅಂದಿನ ದಕ್ಷಿಣ ಕನ್ನಡ ಮದರಾಸು ಪ್ರಾಂತ್ಯದ ವಾಯವ್ಯ ಅಂಚಿನಲ್ಲಿದ್ದ ಜಿಲ್ಲೆ. ಅದರ ಭೂಗೋಳವೇ ಅದರ ಅರ್ಥಶಾಸ್ತ್ರವಾಗಿತ್ತು. ಪೂರ್ವಕ್ಕೆ ಗೋಡೆಯಂತೆ ನಿಂತ ಸಹ್ಯಾದ್ರಿ, ಪಶ್ಚಿಮಕ್ಕೆ ಕಡಲು, ನಡುವಿನ ಕಿರಿದಾದ ನೆಲವನ್ನು ಅಡ್ಡಡ್ಡಲಾಗಿ ಕತ್ತರಿಸುವ ಹೊಳೆಗಳ ಸಾಲು. ಗುರುಪುರ, ಶಾಂಭವಿ, ಸ್ವರ್ಣಾ, ಸೀತಾ ಎಂದು ಎಣಿಸುತ್ತ ಹೋದರೆ ಮಂಗಳೂರಿನಿಂದ ಕುಂದಾಪುರದವರೆಗಿನ ಪಯಣವೆಂದರೆ ಬಸ್ಸಿನಿಂದಿಳಿದು ದೋಣಿ ಹತ್ತುವ, ದೋಣಿಯಿಂದಿಳಿದು ಬಸ್ಸು ಹತ್ತುವ ಕೆಲಸವಾಗಿತ್ತು. ಮಳೆಗಾಲದಲ್ಲಿ ಹೊಳೆ ತುಂಬಿದರೆ ಕಡವಿನಲ್ಲೇ ಕಾಯಬೇಕು. ರೈಲು ಮಂಗಳೂರಿಗೆ ಬಂದದ್ದು 1907ರಲ್ಲಿ. ಅದೂ ದಕ್ಷಿಣದ ಮಲಬಾರಿನ ಕಡೆಯಿಂದ. ಮಂಗಳೂರಿನ ಸಹಜ ಹಿನ್ನಾಡಾದ ಹಾಸನ, ಮಡಿಕೇರಿ, ಚಿಕ್ಕಮಗಳೂರುಗಳ ಕಡೆಗೆ ಹಳಿ ಇರಲೇ ಇಲ್ಲ.

ಹಾಗಿದ್ದೂ ಮಂಗಳೂರು ವ್ಯಾಪಾರದ ಊರು. ಬಾಸೆಲ್ ಮಿಷನ್ 1865ರಲ್ಲಿ ಆರಂಭಿಸಿದ ಹೆಂಚಿನ ಕಾರ್ಖಾನೆಯ ನಂತರ ನೇತ್ರಾವತಿ, ಗುರುಪುರ ಹೊಳೆಗಳ ದಂಡೆಗಳಲ್ಲಿ ಹೆಂಚಿನ ಉದ್ಯಮ ಬೆಳೆಯಿತು. ಘಟ್ಟದ ಮೇಲಿನ ಕಾಫಿ ಇಲ್ಲಿನ ಕಾರ್ಖಾನೆಗಳಲ್ಲಿ ಹಸನಾಗಿ ಹಡಗು ಏರುತ್ತಿತ್ತು. ಗೇರುಬೀಜ, ಕಾಳುಮೆಣಸು, ಅಡಿಕೆ ಇದ್ದವು. 1906ರಿಂದ 1931ರೊಳಗೆ ಕೆನರಾ, ಕಾರ್ಪೊರೇಷನ್, ಕರ್ಣಾಟಕ, ಸಿಂಡಿಕೇಟ್, ವಿಜಯಾ ಎಂಬ ಐದು ಬ್ಯಾಂಕುಗಳು ಈ ಒಂದೇ ಜಿಲ್ಲೆಯಲ್ಲಿ ಹುಟ್ಟಿದವೆಂದರೆ ಜನರ ಉದ್ಯಮಶೀಲತೆಗೆ ಬೇರೆ ಸಾಕ್ಷಿ ಬೇಡ. ಆದರೆ ಬಂದರು ಮಾತ್ರ ಹೊಳೆಯ ಕರುಣೆಯಲ್ಲಿತ್ತು. ನೇತ್ರಾವತಿ ಮತ್ತು ಗುರುಪುರ ನದಿಗಳು ಕೂಡಿ ಕಡಲು ಸೇರುವ ಅಳಿವೆಯಲ್ಲಿ ಮರಳಿನ ದಿಣ್ಣೆ. ಘಟ್ಟದಿಂದ ಇಳಿದು ಬರುವ ಹೂಳು ಪ್ರತಿ ಮಳೆಗಾಲದಲ್ಲೂ ಆ ದಿಣ್ಣೆಯನ್ನು ಮತ್ತೆ ಕಟ್ಟುತ್ತಿತ್ತು. ದೊಡ್ಡ ಹಡಗುಗಳು ದೂರದ ಕಡಲಿನಲ್ಲಿ ಲಂಗರು ಹಾಕಿ ನಿಲ್ಲಬೇಕು, ಸರಕನ್ನು ಮಂಜಿ ದೋಣಿಗಳಲ್ಲಿ ತುಂಬಿ ಅಲ್ಲಿಯವರೆಗೆ ಸಾಗಿಸಬೇಕು. ಮಳೆಗಾಲದ ತಿಂಗಳುಗಳಲ್ಲಿ ಅದೂ ಇಲ್ಲ. ವರ್ಷದ ಮೂರನೆಯ ಒಂದು ಭಾಗ ಬಾಗಿಲು ಮುಚ್ಚುವ ಅಂಗಡಿಗೆ ಯಾವ ಗಿರಾಕಿ ನೆಚ್ಚಿಕೊಂಡಾನು?

ಇಂಥ ಊರಿನಲ್ಲಿ ಬೆಳೆದ ಮಲ್ಯರು ಅಸಹಕಾರ ಚಳವಳಿಯ ಕರೆಗೆ ಓಗೊಟ್ಟು ಓದನ್ನು ಬಿಟ್ಟರು. ಮಂಗಳೂರಿನಲ್ಲಿ ಆಗ ಕಾಂಗ್ರೆಸ್ಸೆಂದರೆ ಕಾರ್ನಾಡು ಸದಾಶಿವರಾಯರು. ಶ್ರೀಮಂತ ವಕೀಲರಾಗಿದ್ದು ಸರ್ವಸ್ವವನ್ನೂ ಚಳವಳಿಗೆ ಧಾರೆಯೆರೆದು 1937ರಲ್ಲಿ ಬರಿಗೈಯಲ್ಲಿ ತೀರಿಕೊಂಡವರು. ಬೆಂಗಳೂರಿನ ಸದಾಶಿವನಗರ ಅವರ ಹೆಸರನ್ನೇ ಹೊತ್ತಿದೆ. ಅವರ ನೆರಳಿನಲ್ಲಿ ಮಲ್ಯರ ಸಾರ್ವಜನಿಕ ಜೀವನ ರೂಪುಗೊಂಡಿತು. ಹಲವು ಬಾರಿ ಸೆರೆಮನೆ ಕಂಡರು. ಆದರೆ ಗುರುವಿಗೂ ಶಿಷ್ಯರಿಗೂ ಸ್ವಭಾವದಲ್ಲಿ ವ್ಯತ್ಯಾಸವಿತ್ತು. ಸದಾಶಿವರಾಯರದು ತ್ಯಾಗದ ದಾರಿ. ಮಲ್ಯರದು ಸಂಘಟನೆಯ ದಾರಿ. ಸಮಿತಿಗಳನ್ನು ಕಟ್ಟುವುದು, ಜನರನ್ನು ಹೊಂದಿಸುವುದು, ಕೆಲಸ ಹಂಚುವುದು, ಹಂಚಿದ ಕೆಲಸ ಆಯಿತೇ ಎಂದು ನೋಡುವುದು ಅವರಿಗೆ ಒಗ್ಗಿದ ವಿದ್ಯೆ. ಮುಂದೆ ದೆಹಲಿಯಲ್ಲಿ ಅವರ ಕೈ ಹಿಡಿದದ್ದು ಇದೇ.

ಸಂವಿಧಾನ ರಚನಾ ಸಭೆಗೆ ಮದರಾಸು ಪ್ರಾಂತ್ಯದಿಂದ ಆಯ್ಕೆಯಾದವರಲ್ಲಿ ಮಲ್ಯರೂ ಒಬ್ಬರು. ಮೊದಲ ಮಹಾಚುನಾವಣೆಯಲ್ಲಿ ದಕ್ಷಿಣ ಕನ್ನಡ ಉತ್ತರ ಕ್ಷೇತ್ರದಿಂದ, 1957 ಮತ್ತು 1962ರಲ್ಲಿ ಉಡುಪಿಯಿಂದ ಲೋಕಸಭೆಗೆ ಗೆದ್ದರು. ಜವಾಹರಲಾಲ್ ನೆಹರೂ ಅವರೇ ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದ ಕಾಲದಲ್ಲಿ ಪಕ್ಷದ ಪ್ರಧಾನ ಕಾರ್ಯದರ್ಶಿಗಳಲ್ಲಿ ಒಬ್ಬರಾಗಿದ್ದರು. ಮಂತ್ರಿಪದವಿ ಅವರ ಪಾಲಿಗೆ ಬರಲಿಲ್ಲ. ಅದು ನಷ್ಟವಾಯಿತೆಂದು ನನಗೆ ಅನಿಸುವುದಿಲ್ಲ. ಮಂತ್ರಿಗೆ ಒಂದು ಇಲಾಖೆಯ ಗಡಿ ಇರುತ್ತದೆ. ಬಂದರು ಸಾರಿಗೆ ಖಾತೆಯದು, ರೈಲು ರೈಲ್ವೆ ಖಾತೆಯದು, ಕಾಲೇಜು ಶಿಕ್ಷಣ ಖಾತೆಯದು. ಪಕ್ಷದ ಕಾರ್ಯದರ್ಶಿಯಾಗಿ ಪಳಗಿದ ಸದಸ್ಯರಿಗೆ ಈ ಗಡಿಗಳಿರಲಿಲ್ಲ. ಎಲ್ಲ ಬಾಗಿಲುಗಳನ್ನೂ ತಟ್ಟುವ ಸಲಿಗೆ ಅವರಿಗಿತ್ತು. ಆ ಸಲಿಗೆಯನ್ನು ಅವರು ಜಿಲ್ಲೆಯ ಕೆಲಸಕ್ಕಾಗಿ ಬಳಸಿದರು.

ಮೊದಲ ಫಲ ಬಜಪೆಯ ವಿಮಾನ ನಿಲ್ದಾಣ. ಮಂಗಳೂರಿನ ಈಶಾನ್ಯಕ್ಕೆ ಗುಡ್ಡದ ನೆತ್ತಿಯನ್ನು ತಟ್ಟು ಮಾಡಿ ಸುಮಾರು 1,600 ಮೀಟರಿನ ಓಡುದಾರಿ ನಿರ್ಮಿಸಲಾಯಿತು. 1951ರ ಡಿಸೆಂಬರ್ 25ರಂದು, ಮೊದಲ ಮಹಾಚುನಾವಣೆಯ ನಡುವೆ, ಪ್ರಧಾನಿ ನೆಹರೂ ಅವರನ್ನು ಹೊತ್ತ ಡಕೋಟಾ ವಿಮಾನ ಅಲ್ಲಿ ಇಳಿಯಿತು. ಜಿಲ್ಲೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಲು ಕಡವು ದಾಟಬೇಕಿದ್ದ ಕಾಲವದು. ಸೇತುವೆಗೆ ಮೊದಲು ವಿಮಾನವೇ ಎಂದು ಯಾರಾದರೂ ಮೂಗು ಮುರಿದಿದ್ದರೆ ಆಶ್ಚರ್ಯವಿಲ್ಲ. ಆದರೆ ಮದರಾಸಿಗೂ ಮುಂಬಯಿಗೂ ಸಮಾನವಾಗಿ ದೂರವಿದ್ದ, ಎರಡೂ ಕಡೆಗಳಿಂದ ಮರೆಯಾಗಿದ್ದ ಜಿಲ್ಲೆಯನ್ನು ಆಳುವವರ ಕಣ್ಣಿಗೆ ಬೀಳಿಸಲು ಅದಕ್ಕಿಂತ ಚುರುಕಾದ ಉಪಾಯ ಇರಲಿಲ್ಲ. ದೆಹಲಿಯ ಅಧಿಕಾರಿಗಳು, ಎಂಜಿನಿಯರುಗಳು ಸುಲಭವಾಗಿ ಬಂದು ಹೋಗುವ ಸ್ಥಳಕ್ಕೆ ಯೋಜನೆಗಳೂ ಬರುತ್ತವೆ ಎಂಬುದು ಸರ್ಕಾರದೊಳಗೆ ಇದ್ದವರಿಗೆಲ್ಲ ತಿಳಿದ ಗುಟ್ಟು.

ನಂತರದ್ದು ರಸ್ತೆ. ಮೊದಲ ಪಂಚವಾರ್ಷಿಕ ಯೋಜನೆಯ ಅವಧಿಯಲ್ಲಿ, ರಾಷ್ಟ್ರೀಯ ಹೆದ್ದಾರಿ ಎನಿಸದಿದ್ದರೂ ಕೇಂದ್ರ ಸರ್ಕಾರ ವಿಶೇಷವಾಗಿ ಕೈಗೆತ್ತಿಕೊಂಡ ರಸ್ತೆಗಳ ಪೈಕಿ ಅಸ್ಸಾಮಿನ ಪಾಸಿ–ಬದರ್‌ಪುರ ರಸ್ತೆಯೊಂದಿಗೆ ಪಶ್ಚಿಮ ಕರಾವಳಿಯ ರಸ್ತೆಯೂ ಇತ್ತು. ಹಣಕಾಸಿನ ದೃಷ್ಟಿಯಿಂದ ಇದು ಮಹತ್ವದ ಸಂಗತಿ. ಹೊಳೆಗೊಂದು ಸೇತುವೆ ಬೇಕಾದ ರಸ್ತೆಯ ವೆಚ್ಚ ಬಯಲುಸೀಮೆಯ ರಸ್ತೆಯ ವೆಚ್ಚದಂತಲ್ಲ. ಅದನ್ನು ಯಾವ ಜಿಲ್ಲಾ ಬೋರ್ಡೂ, ದೂರದ ಯಾವ ರಾಜ್ಯ ಸರ್ಕಾರವೂ ತನ್ನ ಬೊಕ್ಕಸದಿಂದ ಭರಿಸುವಂತಿರಲಿಲ್ಲ. ರಸ್ತೆಯನ್ನು ಕೇಂದ್ರದ ಪಟ್ಟಿಗೆ ಸೇರಿಸಿಕೊಂಡದ್ದರಿಂದಲೇ ಕಡವುಗಳು ಒಂದೊಂದಾಗಿ ಸೇತುವೆಗಳಿಗೆ ದಾರಿ ಬಿಟ್ಟವು. ಈ ರಸ್ತೆಯೇ ಮುಂದೆ ರಾಷ್ಟ್ರೀಯ ಹೆದ್ದಾರಿ 17 ಆಗಿ, ಈಗ 66 ಎಂಬ ಸಂಖ್ಯೆ ಹೊತ್ತಿದೆ. ಇದರ ಹಿಂದೆ ಮಲ್ಯರ ಒತ್ತಾಸೆ ಇತ್ತೆಂದು ಕರಾವಳಿಯ ಹಿರಿಯರು ಇಂದಿಗೂ ನೆನೆಯುತ್ತಾರೆ.

ಎಲ್ಲಕ್ಕಿಂತ ಕಠಿಣವಾದದ್ದು ಬಂದರಿನ ಹೋರಾಟ. ನಮ್ಮ ಸಂವಿಧಾನದಲ್ಲಿ ಪ್ರಮುಖ ಬಂದರುಗಳು ಕೇಂದ್ರ ಪಟ್ಟಿಯಲ್ಲಿವೆ. ಉಳಿದವು ಸಮವರ್ತಿ ಪಟ್ಟಿಯಲ್ಲಿ. ವ್ಯವಹಾರದಲ್ಲಿ ಇದರ ಅರ್ಥ ಇಷ್ಟೇ: ಪ್ರಮುಖ ಎಂದು ಘೋಷಿತವಾದ ಬಂದರಿಗೆ ದೆಹಲಿ ಹಣ ಹೂಡುತ್ತದೆ, ಇತರ ಬಂದರುಗಳನ್ನು ರಾಜ್ಯ ಸರ್ಕಾರ ತನ್ನ ಇತಿಮಿತಿಯಲ್ಲಿ ನೋಡಿಕೊಳ್ಳಬೇಕು. ಮದರಾಸು ರಾಜ್ಯಕ್ಕೆ ತನ್ನ ರಾಜಧಾನಿಯಲ್ಲೇ ದೊಡ್ಡ ಬಂದರಿತ್ತು. ಮಂಗಳೂರಿನ ಚಿಂತೆ ಅದಕ್ಕೆ ಏಕೆ ಬೇಕು? 1956ರ ನವೆಂಬರ್ 1ರಂದು ಜಿಲ್ಲೆ, ಕಾಸರಗೋಡನ್ನು ಕೇರಳಕ್ಕೆ ಬಿಟ್ಟುಕೊಟ್ಟು, ಮೈಸೂರು ರಾಜ್ಯವನ್ನು ಸೇರಿತು. ಅಲ್ಲಿಯವರೆಗೆ ಕಡಲೇ ಇಲ್ಲದಿದ್ದ ರಾಜ್ಯಕ್ಕೆ ಕಾರವಾರದಿಂದ ಉಳ್ಳಾಲದವರೆಗೆ ಸುಮಾರು 320 ಕಿಲೋಮೀಟರಿನ ತೀರ ಒಮ್ಮೆಗೇ ದೊರಕಿತು. ಕಾಫಿ, ಅದಿರು, ಮರ ಎಲ್ಲಕ್ಕೂ ಸ್ವಂತ ಬಾಗಿಲು ಬೇಕೆಂಬ ವಾದಕ್ಕೆ ಮೊದಲ ಬಾರಿಗೆ ಒಂದು ಇಡೀ ರಾಜ್ಯದ ಹಿತದ ಬಲ ಬಂತು. ಮಲ್ಯರು ಆ ಗಳಿಗೆಯನ್ನು ಕೈಬಿಡಲಿಲ್ಲ.

ಇಲ್ಲಿ ಒಂದು ಮಾತನ್ನು ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ಹೇಳಬೇಕು. ಬಂದರಿಗೆ ಹಣ ಕೇಳಿದಾಗ ಹಣಕಾಸು ಇಲಾಖೆ ಕೇಳುವ ಮೊದಲ ಪ್ರಶ್ನೆ, ಈಗ ಎಷ್ಟು ಟನ್ ಸರಕು ಸಾಗುತ್ತಿದೆ ಎಂಬುದು. ವರ್ಷದಲ್ಲಿ ಕೆಲವು ತಿಂಗಳು ಮುಚ್ಚಿರುವ, ದೊಡ್ಡ ಹಡಗು ದಡಕ್ಕೆ ಬಾರದ ಬಂದರಿನಲ್ಲಿ ಸರಕು ಕಡಿಮೆಯೇ ಇರುತ್ತದೆ. ಸರಕು ಕಡಿಮೆಯಿರುವುದರಿಂದ ಹಣವಿಲ್ಲ, ಹಣವಿಲ್ಲದ್ದರಿಂದ ಸರಕಿಲ್ಲ. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು ಎಂಬ ಗಾದೆಯ ಪರಿಸ್ಥಿತಿ. ನನ್ನ ಸೇವಾವಧಿಯಲ್ಲಿ ಈ ಸುಳಿಯಲ್ಲಿ ಸಿಕ್ಕಿ ಮುಳುಗಿದ ಕಡತಗಳನ್ನು ಸಾಕಷ್ಟು ಕಂಡಿದ್ದೇನೆ. ಮೂಲಸೌಕರ್ಯ ಮೊದಲೋ ಉದ್ಯಮ ಮೊದಲೋ ಎಂಬ ಚರ್ಚೆಯನ್ನು ಆಲ್ಬರ್ಟ್ ಹರ್ಷ್‌ಮನ್ ಅವರಂಥ ಅರ್ಥಶಾಸ್ತ್ರಜ್ಞರು 1958ರ ಸುಮಾರಿಗೆ ಗಂಭೀರವಾಗಿ ಎತ್ತಿದರು. ಅದೇ ವರ್ಷಗಳಲ್ಲಿ ಮಲ್ಯರು ಆ ಪ್ರಶ್ನೆಗೆ ತಮ್ಮದೇ ವ್ಯಾವಹಾರಿಕ ಉತ್ತರ ಹುಡುಕುತ್ತಿದ್ದರು. ಬಂದರನ್ನು ಒಂಟಿಯಾಗಿ ಕೇಳದೆ ರಸ್ತೆ, ರೈಲು, ತಾಂತ್ರಿಕ ಶಿಕ್ಷಣ, ಬಂದರು ಇವನ್ನೆಲ್ಲ ಒಂದೇ ಬೇಡಿಕೆಯ ಅಂಗಗಳೆಂಬಂತೆ ಮುಂದಿಡುವುದೇ ಆ ಉತ್ತರ.

ಮಧ್ಯಮ ಬಂದರುಗಳ ಅಭಿವೃದ್ಧಿಯ ಬಗ್ಗೆ ಕೇಂದ್ರ ನೇಮಿಸಿದ್ದ ಸಮಿತಿ 1960ರಲ್ಲಿ ವರದಿ ಕೊಟ್ಟಿತು. ಪೂರ್ವ ತೀರದಲ್ಲಿ ತೂತ್ತುಕುಡಿ, ಪಶ್ಚಿಮ ತೀರದಲ್ಲಿ ಮಂಗಳೂರು, ಈ ಎರಡನ್ನು ಸರ್ವಋತು ಬಂದರುಗಳಾಗಿ ಬೆಳೆಸಬೇಕೆಂಬ ಶಿಫಾರಸು ಮೂರನೆಯ ಪಂಚವಾರ್ಷಿಕ ಯೋಜನೆಯೊಳಗೆ ಬಂತು. ಹೊಳೆಯ ಹೂಳಿನೊಂದಿಗೆ ಸೆಣಸುವುದನ್ನು ಬಿಟ್ಟು, ಹಳೆ ಬಂದರಿನಿಂದ ಉತ್ತರಕ್ಕೆ ಪಣಂಬೂರಿನಲ್ಲಿ ನೆಲವನ್ನೇ ಅಗೆದು ಕೃತಕ ಕೊಳದಂಥ ಬಂದರು ನಿರ್ಮಿಸುವುದೆಂದು ತೀರ್ಮಾನವಾಯಿತು. ಕಡಲಿನೊಳಕ್ಕೆ ಚಾಚಿದ ಎರಡು ಅಲೆತಡೆ ಗೋಡೆಗಳು, ಅವುಗಳ ನಡುವೆ ಹೂಳೆತ್ತಿ ಆಳಗೊಳಿಸಿದ ಕಾಲುವೆ, ಒಳಗೆ ಹಡಗು ತಿರುಗುವಷ್ಟು ವಿಶಾಲವಾದ ಜಲಾಶಯ. 1962ರಲ್ಲಿ ಕೆಲಸ ಆರಂಭವಾಯಿತು.

ಇದಕ್ಕೆ ಎರಡು ವರ್ಷ ಮೊದಲೇ, 1960ರ ಆಗಸ್ಟ್ 6ರಂದು, ಪಣಂಬೂರಿಗೆ ಸಮೀಪದ ಸುರತ್ಕಲ್ಲಿನಲ್ಲಿ ಕರ್ನಾಟಕ ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜು ಆರಂಭವಾಗಿತ್ತು. ಮಲ್ಯರೊಂದಿಗೆ ಉದ್ಯಮಿ ವಿ.ಎಸ್. ಕುಡ್ವರ ಶ್ರಮವೂ ಅದರಲ್ಲಿತ್ತು. ಪ್ರಾದೇಶಿಕ ಕಾಲೇಜುಗಳ ಯೋಜನೆಯಲ್ಲಿ ಕಟ್ಟಡ, ಉಪಕರಣಗಳ ಬಂಡವಾಳ ಕೇಂದ್ರದ್ದು; ನಡೆಸುವ ಖರ್ಚು ಕೇಂದ್ರ ಮತ್ತು ರಾಜ್ಯಗಳಿಗೆ ಸಮಪಾಲು; ಅರ್ಧದಷ್ಟು ಸ್ಥಾನಗಳು ಆಯಾ ರಾಜ್ಯದ ವಿದ್ಯಾರ್ಥಿಗಳಿಗೆ. ರಾಜ್ಯದ ಎಲ್ಲ ಊರುಗಳೂ ಅದನ್ನು ಬಯಸುವುದು ಸಹಜವಿತ್ತು. ಅದು ಕಡಲ ತಡಿಯ ಒಂದು ಹಳ್ಳಿಗೆ ಬಂದದ್ದು ಆಕಸ್ಮಿಕವಲ್ಲ. ಆ ಸಂಸ್ಥೆ 2002ರಿಂದ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆ ಎನಿಸಿಕೊಂಡಿದೆ. ಅದರ ಅಂಚೆ ವಿಳಾಸ ಶ್ರೀನಿವಾಸನಗರ.

ಬಂದರು ಪೂರ್ಣವಾಗುವುದನ್ನು ಮಲ್ಯರು ನೋಡಲಿಲ್ಲ. ಕೆಲಸ ಆರಂಭವಾದ ವರ್ಷವೇ ಚೀನಾದೊಂದಿಗೆ ಯುದ್ಧ ನಡೆಯಿತು. 1965ರಲ್ಲಿ ಪಾಕಿಸ್ತಾನದೊಂದಿಗೆ ಮತ್ತೊಂದು ಯುದ್ಧ. ಆ ವರ್ಷದ ಡಿಸೆಂಬರ್ 19ರಂದು, ತಮ್ಮ 63ನೆಯ ವಯಸ್ಸಿನಲ್ಲಿ, ಮಲ್ಯರು ನಿಧನರಾದರು. ಮರುವರ್ಷ ರೂಪಾಯಿಯ ಅಪಮೌಲ್ಯ, ಆಮೇಲೆ ಮೂರು ವರ್ಷಗಳ ಯೋಜನಾ ವಿರಾಮ. ಅನೇಕ ಯೋಜನೆಗಳು ಆ ಬಿರುಗಾಳಿಯಲ್ಲಿ ಕಮರಿದವು. ಪಣಂಬೂರಿನದು ತಡವಾದರೂ ಉಳಿಯಿತು. 1974ರ ಮೇ 4ರಂದು ನವಮಂಗಳೂರು ದೇಶದ ಒಂಬತ್ತನೆಯ ಪ್ರಮುಖ ಬಂದರೆಂದು ಘೋಷಿತವಾಯಿತು. ಅದೇ ಸಮಿತಿ ಜೊತೆಯಾಗಿ ಶಿಫಾರಸು ಮಾಡಿದ್ದ ತೂತ್ತುಕುಡಿ ಎರಡು ತಿಂಗಳ ನಂತರ ಹತ್ತನೆಯದಾಯಿತು. 1975ರ ಜನವರಿ 11ರಂದು ಪ್ರಧಾನಿ ಇಂದಿರಾ ಗಾಂಧಿ ಮಂಗಳೂರಿನ ಹೊಸ ಬಂದರನ್ನು ಉದ್ಘಾಟಿಸಿದರು. ಒಬ್ಬ ವ್ಯಕ್ತಿಯ ಪ್ರಭಾವದಿಂದ ಹುಟ್ಟಿದ ಯೋಜನೆ ಆ ವ್ಯಕ್ತಿ ಇಲ್ಲವಾದ ಒಂಬತ್ತು ವರ್ಷಗಳ ನಂತರವೂ ಜೀವ ಹಿಡಿದು ಗುರಿ ಮುಟ್ಟಿತೆಂದರೆ, ಅದು ಪ್ರಭಾವದ ಬಲವಲ್ಲ. ಯೋಜನಾ ದಾಖಲೆಯೊಳಗೆ ಭದ್ರವಾಗಿ ಕೂತ ಬೇಡಿಕೆಯ ಬಲ.

ಮಲ್ಯರ ಲೆಕ್ಕಾಚಾರ ಸರಿಯಿತ್ತೆಂಬುದನ್ನು ಅವರ ಅನುಪಸ್ಥಿತಿಯೇ ತೋರಿಸಿಕೊಟ್ಟಿತು. ಬೇಡಿಕೆಯ ಅಂಗಗಳಲ್ಲಿ ರೈಲು ಹಿಂದುಳಿಯಿತು. ಹಾಸನ–ಮಂಗಳೂರು ಮಾರ್ಗ ಪೂರ್ಣವಾದದ್ದು 1979ರಲ್ಲಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆಯವರೆಗಿನ ಸುಮಾರು 55 ಕಿಲೋಮೀಟರಿನ ಘಟ್ಟದ ಹಾದಿಯಲ್ಲಿ 57 ಸುರಂಗಗಳು, ನೂರಕ್ಕೂ ಹೆಚ್ಚು ಸೇತುವೆಗಳು. ಐವತ್ತು ಅಡಿ ನಡೆದರೆ ಒಂದು ಅಡಿ ಏರುವ ಕಡಿದಾದ ದಾರಿ. ಅದೂ ಮೀಟರ್ ಗೇಜು. ಅದನ್ನು ಬ್ರಾಡ್ ಗೇಜಿಗೆ ಪರಿವರ್ತಿಸಲು ವರ್ಷಗಟ್ಟಲೆ ಮಾರ್ಗ ಮುಚ್ಚಿ, ಸರಕಿನ ಗಾಡಿಗಳು 2006ರಲ್ಲಿ, ಪ್ರಯಾಣಿಕರ ಗಾಡಿಗಳು 2007ರ ಡಿಸೆಂಬರಿನಲ್ಲಿ ಮತ್ತೆ ಓಡಿದವು. ಹೀಗೆ ಬಂದರು ತೆರೆದ ನಂತರದ ಮೂರು ದಶಕಗಳ ಬಹುಪಾಲು, ಹಿನ್ನಾಡಿನ ಸರಕು ಶಿರಾಡಿಯಂಥ ಘಟ್ಟದ ರಸ್ತೆಗಳನ್ನೇ ನಂಬಿ ಇಳಿಯಬೇಕಾಯಿತು. ಮಳೆಗಾಲದಲ್ಲಿ ಗುಡ್ಡ ಕುಸಿದರೆ ಸಾಲುಸಾಲು ಲಾರಿಗಳು ನಿಲ್ಲುವ ದೃಶ್ಯ ಇಂದಿಗೂ ತಪ್ಪಿಲ್ಲ. ಮಳೆಗಾಲದಲ್ಲಿ ಮುಚ್ಚದ ಬಂದರನ್ನೇನೋ ನಿರ್ಮಿಸಿದೆವು, ಮಳೆಗಾಲದಲ್ಲಿ ಮುಚ್ಚದ ದಾರಿಯನ್ನು ಮಾಡುವುದು ಇನ್ನೂ ಬಾಕಿಯಿದೆ.

ಆದರೂ ಬಂದರಿನ ಸುತ್ತ ಉದ್ಯಮಗಳು ಬಂದವು. ಮಂಗಳೂರು ರಸಗೊಬ್ಬರ ಕಾರ್ಖಾನೆ ಎಪ್ಪತ್ತರ ದಶಕದಲ್ಲೇ ಬಂತು. ಕುದುರೆಮುಖದ ಅದಿರನ್ನು ನೀರಿನೊಂದಿಗೆ ಬೆರೆಸಿ ಸುಮಾರು 67 ಕಿಲೋಮೀಟರಿನ ಕೊಳವೆಯಲ್ಲಿ ಪಣಂಬೂರಿಗೆ ಹರಿಸಲಾಯಿತು. ಅದಿರು ಕೊಳ್ಳಬೇಕಿದ್ದ ಇರಾನಿನಲ್ಲಿ 1979ರಲ್ಲಿ ಕ್ರಾಂತಿಯಾಗಿ ಒಪ್ಪಂದ ಕುಸಿದರೂ ಗಣಿ ಬೇರೆ ಗಿರಾಕಿಗಳನ್ನು ಹುಡುಕಿಕೊಂಡು, ನ್ಯಾಯಾಲಯದ ಆದೇಶದಂತೆ 2005ರ ಅಂತ್ಯಕ್ಕೆ ಮುಚ್ಚುವವರೆಗೂ ನಡೆಯಿತು. ತೊಂಬತ್ತರ ದಶಕದಲ್ಲಿ ತೈಲ ಶುದ್ಧೀಕರಣಾಗಾರ ಬಂತು. ಕಚ್ಚಾತೈಲ, ಅಡುಗೆ ಅನಿಲ, ಕಲ್ಲಿದ್ದಲು ಮುಖ್ಯವಾಗಿ, ಇತ್ತೀಚಿನ ವರ್ಷಗಳಲ್ಲಿ ಇಲ್ಲಿ ವರ್ಷಕ್ಕೆ 4 ಕೋಟಿ ಟನ್ನಿಗೂ ಹೆಚ್ಚು ಸರಕು ಸಾಗುತ್ತಿದೆ. 1960ರ ಹಾಲಿ ಸರಕನ್ನಷ್ಟೇ ಅಳೆದು ತೀರ್ಮಾನಿಸಿದ್ದರೆ ಇದರಲ್ಲಿ ಒಂದು ಟನ್ನೂ ಲೆಕ್ಕಕ್ಕೆ ಬರುತ್ತಿರಲಿಲ್ಲ.

ಇಷ್ಟು ಹೇಳಿ ನಿಲ್ಲಿಸಿದರೆ ಅದು ಅರ್ಧಸತ್ಯ. ಪಣಂಬೂರು ಬರಿಯ ಮರಳುಗಾಡಾಗಿರಲಿಲ್ಲ. ಅಲ್ಲಿ ತೆಂಗಿನ ತೋಟಗಳಿದ್ದವು, ಗದ್ದೆಗಳಿದ್ದವು, ಮೀನುಗಾರರ ಮನೆಗಳಿದ್ದವು, ದೈವಸ್ಥಾನಗಳಿದ್ದವು. ಅಗೆದ ಜಲಾಶಯದ ಅಡಿಯಲ್ಲಿ ಊರುಗಳ ನೆಲವಿದೆ. ಅಲ್ಲಿಂದ ಎದ್ದವರನ್ನು ಕಾಟಿಪಳ್ಳ, ಕೃಷ್ಣಾಪುರಗಳ ಗುಡ್ಡದ ಮೇಲೆ ನಿವೇಶನ ಕೊಟ್ಟು ಕೂರಿಸಲಾಯಿತು. ಕಡಲ ಮೀನನ್ನೂ ಗದ್ದೆಯ ಭತ್ತವನ್ನೂ ನೆಚ್ಚಿದ್ದ ಕುಟುಂಬಕ್ಕೆ ಮುರಕಲ್ಲಿನ ಗುಡ್ಡದ ಮೇಲಿನ ಒಂದು ತುಂಡು ಜಾಗ ಬದಲಿಯಾಗಲಾರದು. ಪರಿಹಾರದ ಲೆಕ್ಕದಲ್ಲಿ ಮನೆ, ಮರ, ನೆಲಕ್ಕೆ ಅಂಕಣಗಳಿದ್ದವು; ಕಸುಬಿಗೆ ಅಂಕಣವಿರಲಿಲ್ಲ. ನಂತರದ ಕಾರ್ಖಾನೆಗಳೂ ವಿಶೇಷ ಆರ್ಥಿಕ ವಲಯವೂ ಇನ್ನಷ್ಟು ಊರುಗಳನ್ನು ಎಬ್ಬಿಸಿದವು. ಬಂದರಿನ ಲಾಭ ಇಡೀ ರಾಜ್ಯಕ್ಕೆ ಹಂಚಿಹೋಯಿತು. ಅದರ ಬೆಲೆಯನ್ನು ಕೆಲವು ಹಳ್ಳಿಗಳೇ ತೆತ್ತವು. ಸಾರ್ವಜನಿಕ ಹೂಡಿಕೆಯ ಲಾಭ–ನಷ್ಟಗಳ ಪಟ್ಟಿಯಲ್ಲಿ ಒಟ್ಟು ಮೊತ್ತವನ್ನಷ್ಟೇ ನೋಡಿ, ಯಾರಿಗೆ ಲಾಭ, ಯಾರಿಗೆ ನಷ್ಟ ಎಂಬುದನ್ನು ನೋಡದಿರುವುದು ಅಂದಿನ ಇಡೀ ದೇಶದ ಯೋಜನಾ ಪದ್ಧತಿಯ ಲೋಪ. ಅಣೆಕಟ್ಟುಗಳಿಗೂ ಉಕ್ಕಿನ ಕಾರ್ಖಾನೆಗಳಿಗೂ ಇದೇ ಕಥೆ. ಮಲ್ಯರೊಬ್ಬರ ಮೇಲೆ ಇದನ್ನು ಹೊರಿಸುವುದು ನ್ಯಾಯವಲ್ಲ. ಅವರ ಹೆಸರಿನ ಕೀರ್ತಿಯಡಿ ಇದನ್ನು ಮುಚ್ಚಿಡುವುದೂ ನ್ಯಾಯವಲ್ಲ.

ಮಲ್ಯರ ನಂತರ ರಾಜ್ಯದ ಉಳಿದ ಬಂದರುಗಳ ಗತಿ ಏನಾಯಿತು? ಕಾರವಾರವನ್ನೇ ನೋಡೋಣ. ನಡುಗಡ್ಡೆಗಳ ಆಸರೆಯಿರುವ ಸಹಜ ಬಂದರು. ಪಣಂಬೂರಿನಂತೆ ನೆಲ ಅಗೆಯುವ ಅಗತ್ಯವೇ ಅಲ್ಲಿಲ್ಲ. ಆದರೆ ಹುಬ್ಬಳ್ಳಿಯ ಕಡೆಯಿಂದ ಕಡಲಿಗೆ ಇಳಿಯಬೇಕಾದ ರೈಲು, ಕಾಡಿನ ಪ್ರಶ್ನೆಯಲ್ಲಿ ಸಿಕ್ಕಿ ದಶಕಗಳಿಂದ ಕಾಗದದ ಮೇಲೇ ಉಳಿದಿದೆ. ಪ್ರಕೃತಿ ಕೊಟ್ಟ ಬಂದರಿಗೂ ದಾರಿ ಇಲ್ಲದಿದ್ದರೆ ಸರಕು ಬಾರದು. ಬೇಲೆಕೇರಿಯಲ್ಲಿ ಇನ್ನೊಂದು ಪಾಠ ಸಿಕ್ಕಿತು. ಜಪ್ತಿ ಮಾಡಿದ್ದ ಅದಿರು ಅಲ್ಲಿಂದಲೇ ಮಾಯವಾಗಿ ಹಡಗು ಏರಿತೆಂಬ ಸಂಗತಿ 2010ರಲ್ಲಿ ಬಯಲಾಗಿ ನಾಡೆಲ್ಲ ತಲೆತಗ್ಗಿಸುವಂತಾಯಿತು. ದಕ್ಕೆ ನಿರ್ಮಿಸಿ, ಅದನ್ನು ಕಾಯುವ ಆಡಳಿತ ವ್ಯವಸ್ಥೆಗೆ ಹಣ, ಸಿಬ್ಬಂದಿ ಕೊಡದಿದ್ದರೆ ಬಂದರು ಬೊಕ್ಕಸ ತುಂಬುವ ಬದಲು ಬೊಕ್ಕಸಕ್ಕೆ ತೂತು ಕೊರೆಯುತ್ತದೆ. ಗುಜರಾತ್ ತನ್ನ ಸಣ್ಣ ಬಂದರುಗಳಿಗೆ 1982ರಲ್ಲೇ ಪ್ರತ್ಯೇಕ ಮಂಡಳಿ ಮಾಡಿಕೊಂಡಿತು. ನಮ್ಮ ಜಲಸಾರಿಗೆ ಮಂಡಳಿಯ ಕಾಯ್ದೆ ಬಂದದ್ದು ಅದಕ್ಕೆ ಮೂರು ದಶಕಗಳ ನಂತರ.

ಈಗ ಹಣದ ಮೂಲವೂ ಬದಲಾಗಿದೆ. ಬಜಪೆಯ ವಿಮಾನ ನಿಲ್ದಾಣದ ನಿರ್ವಹಣೆ 2020ರಲ್ಲಿ ಖಾಸಗಿಯವರ ಕೈಗೆ ಹೋಯಿತು. ಪಣಂಬೂರಿನ ಬಂದರು 2021ರ ಕಾಯ್ದೆಯಡಿ ಪ್ರಾಧಿಕಾರವಾಗಿ ಕೇಂದ್ರದಲ್ಲೇ ಉಳಿದಿದೆ. ಉತ್ತರ ಕನ್ನಡದಲ್ಲಿ ಹೊನ್ನಾವರದ ಕಾಸರಕೋಡು, ಅಂಕೋಲೆಯ ಕೇಣಿಗಳಲ್ಲಿ ಖಾಸಗಿ ಬಂಡವಾಳದ ಬಂದರುಗಳ ಪ್ರಸ್ತಾಪ ಬಂದಿವೆ. ಎರಡೂ ಕಡೆ ಮೀನುಗಾರರು ಬೀದಿಗಿಳಿದು ವಿರೋಧಿಸಿದ್ದಾರೆ. ಅವರನ್ನು ಅಭಿವೃದ್ಧಿಯ ವಿರೋಧಿಗಳೆಂದು ಕರೆಯುವವರು ಒಮ್ಮೆ ಕಾಟಿಪಳ್ಳಕ್ಕೆ ಹೋಗಿ ಬರುವುದು ಒಳ್ಳೆಯದು. ಆ ಮೀನುಗಾರರ ಭಯ ಊಹೆಯದಲ್ಲ, ನೆರೆಯ ಜಿಲ್ಲೆಯ ಅನುಭವದ್ದು.

ಖಾಸಗಿ ಬಂಡವಾಳ ಬಂದ ಮಾತ್ರಕ್ಕೆ ಸರ್ಕಾರದ ಖರ್ಚು ತಪ್ಪುತ್ತದೆಂಬ ನಂಬಿಕೆಯೂ ಸರಿಯಲ್ಲ. ಹಡಗುಕಟ್ಟೆಯನ್ನು ಕಂಪನಿ ನಿರ್ಮಿಸಬಹುದು. ಅಲ್ಲಿಗೆ ಹೋಗುವ ಚತುಷ್ಪಥ ರಸ್ತೆ, ರೈಲಿನ ಕವಲು, ಕುಡಿಯುವ ನೀರು, ಕಡಲ್ಕೊರೆತದ ತಡೆ, ಒಕ್ಕಲೆದ್ದವರ ಬದುಕು ಇವೆಲ್ಲ ಕೊನೆಗೆ ಸಾರ್ವಜನಿಕ ಬೊಕ್ಕಸದ ಬಾಗಿಲಿಗೇ ಬರುತ್ತವೆ. ಆದ್ದರಿಂದ ಬಂದರಿನ ಒಪ್ಪಂದಕ್ಕೆ ಸಹಿ ಬೀಳುವ ಮೊದಲೇ ಈ ಎಲ್ಲ ವೆಚ್ಚಗಳ ಒಂದೇ ಲೆಕ್ಕಪತ್ರ ಶಾಸಕಾಂಗದ ಮುಂದೆ ಬರಬೇಕು. ಅದರಲ್ಲಿ ಕಸುಬು ಕಳೆದುಕೊಳ್ಳುವವರಿಗೆ ಒಂದು ಸಾಲು ಮೀಸಲಾಗಿರಬೇಕು. ಬಂದರಿನ ಆದಾಯದ ಗೊತ್ತಾದ ಪಾಲು ಪ್ರತಿ ವರ್ಷ ಆ ಊರುಗಳಿಗೇ ಹಿಂದಿರುಗುವಂತೆ ಕಾನೂನಿನಲ್ಲೇ ಬರೆಯಬೇಕು. ರಸ್ತೆ–ರೈಲುಗಳ ಹಣ ಬಂದರಿನ ಹಣದೊಂದಿಗೇ, ಅದೇ ವರ್ಷಗಳಿಗೆ ಹಂಚಿಕೆಯಾಗಬೇಕು. ಇವು ಕ್ರಾಂತಿಕಾರಿ ಸಲಹೆಗಳಲ್ಲ. ಮೊದಲಿನ ಅರ್ಧ ಮಲ್ಯರು ಮಾಡಿ ತೋರಿಸಿದ್ದು, ಉಳಿದರ್ಧ ಅವರ ಕಾಲ ಮಾಡದೆ ಬಿಟ್ಟದ್ದು.

ಮಲ್ಯರ ನೆನಪು ಬೇರೆಡೆಯೂ ಉಳಿದಿದೆ. ಮಂಗಳೂರಿನವರೇ ಆದ ಕಮಲಾದೇವಿ ಚಟ್ಟೋಪಾಧ್ಯಾಯರು ದೆಹಲಿಯಲ್ಲಿ ಸ್ಥಾಪಿಸಿದ ರಂಗಕಲೆಯ ವಸ್ತುಸಂಗ್ರಹಾಲಯಕ್ಕೆ ಶ್ರೀನಿವಾಸ ಮಲ್ಯರ ಹೆಸರಿಟ್ಟರು. ಬಂದರು, ಹೆದ್ದಾರಿಗಳ ಮನುಷ್ಯನ ಹೆಸರು ಬೊಂಬೆ, ಮುಖವಾಡ, ವೇಷಭೂಷಣಗಳ ಜೊತೆ ಸೇರಿರುವುದು ನೋಡುವವರಿಗೆ ವಿಚಿತ್ರವೆನಿಸಬಹುದು. ಅವರ ಆಸಕ್ತಿಗಳ ಹರವು ಕಾಂಕ್ರೀಟಿಗೆ ಸೀಮಿತವಾಗಿರಲಿಲ್ಲವೆಂಬುದಕ್ಕೆ ಅದು ಗೆಳತಿಯೊಬ್ಬರು ಕೊಟ್ಟ ಸಾಕ್ಷಿ.

ಮುಂದಿನ ಮುಂಗಡಪತ್ರದಲ್ಲೂ ಬಂದರುಗಳ ಹೆಸರು ಬರುತ್ತದೆ. ಆಗ ಕರಾವಳಿಯ ಶಾಸಕರು, ಸಂಸದರು ತಮ್ಮ ಕ್ಷೇತ್ರಕ್ಕೆ ಬಂದ ಮೊತ್ತವನ್ನಷ್ಟೇ ಓದಿ ತೃಪ್ತರಾಗದೆ, ಆ ಮೊತ್ತದೊಂದಿಗೆ ಬರಬೇಕಾದ ಘಟ್ಟದ ದಾರಿ ಎಲ್ಲಿ, ಏಳಬೇಕಾದವರಿಗೆ ಕಸುಬು ಎಲ್ಲಿ ಎಂದು ಸದನದಲ್ಲಿ ಎದ್ದು ಕೇಳಬೇಕು. ಉತ್ತರ ಬರುವವರೆಗೂ ಕೇಳುತ್ತಲೇ ಇರಬೇಕು.